ಪ್ರಯೋಗಾಲಯದ ಒಂದು ಹಾಳೆ ಮತ್ತು ಅದರ ಹಿಂದಿನ ಮೇಜು

(ಕುಂಬಳೆಯಲ್ಲಿ ಕಾನೂನು ಅರಿವಿಗಾಗಿ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಕರ್ನಾಟಕ–ಕೇರಳ ಗಡಿಯ ತಲಪಾಡಿ ದಾಟಿ ಬಂದ ವಾಹನವೊಂದರಲ್ಲಿ ಬಿಳಿ ಹರಳಿನಂಥ ವಸ್ತು ಸಿಕ್ಕಿತು, ತೂಗಿದಾಗ ಹನ್ನೆರಡು ಗ್ರಾಂ ಬಂತು ಎಂದು ಇಟ್ಟುಕೊಳ್ಳಿ. ಅದು ಎಂಡಿಎಂಎ ಎಂಬ ಮಾದಕ ದ್ರವ್ಯ ಆಗಿದ್ದರೆ, 10 ಗ್ರಾಂ ಮೀರಿದ ಕಾರಣ, ಮಾದಕ ದ್ರವ್ಯ ಕಾಯ್ದೆಯ ಪ್ರಕಾರ ವಾಣಿಜ್ಯ ಪ್ರಮಾಣ ಎನಿಸಿಕೊಳ್ಳುತ್ತದೆ. ಶಿಕ್ಷೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ, ಜತೆಗೆ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅದೇ ಕಾಯ್ದೆಯ 37ನೇ ಕಲಮಿನಿಂದಾಗಿ ಜಾಮೀನು ಸಿಗುವುದು ದುರ್ಲಭ. ಹನ್ನೆರಡು ಗ್ರಾಂನಲ್ಲಿ ಅಸಲು ಎಷ್ಟು, ಬೆರಕೆ ಎಷ್ಟು ಎಂದು ವಾದಿಸುವ ದಾರಿಯೂ ಸುಪ್ರೀಂ ಕೋರ್ಟಿನ 2020ರ ಹೀರಾ ಸಿಂಗ್ ತೀರ್ಪಿನೊಂದಿಗೆ ಮುಚ್ಚಿತು. ಮಿಶ್ರಣದ ಒಟ್ಟು ತೂಕವೇ ಈಗ ಲೆಕ್ಕಕ್ಕೆ ಬರುತ್ತದೆ. ಆದರೆ ಆ ಹರಳು ಅಡುಗೆಮನೆಯ ಅಜಿನೋಮೊಟೊ ಆಗಿದ್ದರೆ ಅಪರಾಧವೇ ಇಲ್ಲ. ಅಪರಾಧವೇ ಇಲ್ಲದಿರುವುದಕ್ಕೂ ಹತ್ತು ವರ್ಷದ ಸೆರೆಗೂ ನಡುವೆ ನಿಂತಿರುವುದು ಪ್ರಯೋಗಾಲಯದಿಂದ ಬರುವ ಒಂದು ಹಾಳೆ. ಅದರಲ್ಲಿ ಮಾದರಿಯ ಸಂಖ್ಯೆ, ಸೀಲು ಸರಿಯಿತ್ತು ಎಂಬ ಒಂದು ಸಾಲು, ಇಂಥ ವಸ್ತು ಕಂಡುಬಂದಿದೆ ಎಂಬ ಇನ್ನೊಂದು ಸಾಲು, ಕೆಳಗೆ ಸಹಿ ಮತ್ತು ಮೊಹರು ಇರುತ್ತವೆ.

ಕಾಸರಗೋಡಿನ ವಿದ್ಯಾನಗರದ ನ್ಯಾಯಾಲಯದಲ್ಲಿ ವಕೀಲಿ ಮಾಡುವ ನನ್ನಂಥವರು ಇಂಥ ಹಾಳೆಗಳನ್ನು ದಿನವೂ ನೋಡುತ್ತೇವೆ. ನೋಡುತ್ತೇವೆ, ಅಷ್ಟೆ, ಅದರ ಹಿಂದಿನ ಮೇಜಿನ ಮೇಲೆ ಏನು ನಡೆಯಿತು ಎಂದು ಕೇಳುವವರು ವಿರಳ. ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕಿಂತ ದೊಡ್ಡ ನಿದರ್ಶನ ಸಿಗಲಾರದು. ಆದ್ದರಿಂದ ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಬಾಸ್ಟನ್ ನಗರದ ಜಮೈಕಾ ಪ್ಲೇನ್ ಎಂಬಲ್ಲಿದ್ದ ಹಿಂಟನ್ ಪ್ರಯೋಗಾಲಯದಲ್ಲಿ ಪೊಲೀಸರು ವಶಪಡಿಸಿಕೊಂಡ ಮಾದಕ ದ್ರವ್ಯಗಳ ಪರೀಕ್ಷೆ ನಡೆಯುತ್ತಿತ್ತು. 2003ರಲ್ಲಿ ಆನಿ ಡೂಖನ್ ಎಂಬಾಕೆ ಅಲ್ಲಿ ರಸಾಯನಜ್ಞೆಯಾಗಿ ಸೇರಿದರು. ಕ್ರಮಪ್ರಕಾರ ಒಂದು ಮಾದರಿಗೆ ಎರಡು ಹಂತದ ಪರೀಕ್ಷೆ ಇರುತ್ತದೆ. ಮೊದಲನೆಯದು ಬಣ್ಣದ ಪರೀಕ್ಷೆ: ಉದಾಹರಣೆಗೆ ಮಾರ್ಕ್ವಿಸ್ ದ್ರಾವಣದ ಹನಿ ಬಿದ್ದರೆ ಎಂಡಿಎಂಎ ಕಡುನೇರಳೆಯಿಂದ ಕಪ್ಪಿಗೆ ತಿರುಗುತ್ತದೆ. ಇದು ಸಂಶಯವನ್ನು ಹುಟ್ಟಿಸುವ ಪರೀಕ್ಷೆಯೇ ಹೊರತು ನಿರ್ಣಯಿಸುವ ಪರೀಕ್ಷೆಯಲ್ಲ, ಏಕೆಂದರೆ ಬೇರೆ ವಸ್ತುಗಳೂ ಅದೇ ಬಣ್ಣ ಕೊಡಬಹುದು. ಎರಡನೆಯದು ಗ್ಯಾಸ್ ಕ್ರೊಮಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿ ಯಂತ್ರದ ಪರೀಕ್ಷೆ. ವಸ್ತು ಯಾವುದೆಂದು ಖಚಿತವಾಗುವುದು ಇಲ್ಲಿ. ಡೂಖನ್ ಮಾಡುತ್ತಿದ್ದುದೇನೆಂದರೆ, ಒಂದು ಗುಂಪಿನ ಮಾದರಿಗಳಲ್ಲಿ ಕೆಲವನ್ನು ಮಾತ್ರ ಪರೀಕ್ಷಿಸಿ ಉಳಿದವುಗಳನ್ನು ಕಣ್ಣಿನಿಂದ ನೋಡಿಯೇ ಕೊಕೇನ್, ಹೆರಾಯಿನ್ ಎಂದು ಬರೆದುಬಿಡುವುದು. ಹಾಗೆ ಬರೆದ ಮಾದರಿ ಯಂತ್ರದಲ್ಲಿ ಬೇರೆಯೇ ಫಲಿತಾಂಶ ಕೊಟ್ಟು ಹಿಂದಿರುಗಿದರೆ, ತನ್ನ ಮೊದಲ ಬರಹಕ್ಕೆ ಹೊಂದುವಂತೆ ಅದಕ್ಕೆ ಬೇರೆ ಮಾದರಿಯ ದ್ರವ್ಯವನ್ನು ಬೆರೆಸಿದ್ದೂ ಉಂಟು.

ಇದನ್ನು ಯಾರೂ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಕಂಡರು, ಆದರೆ ಮೆಚ್ಚುಗೆಯ ಕಣ್ಣಿನಿಂದ ಕಂಡರು. ಆಕೆಯ ಕೆಲಸದ ಪ್ರಮಾಣ ಸಹೋದ್ಯೋಗಿಗಳ ಸರಾಸರಿಯ ಹಲವು ಪಟ್ಟು ಇತ್ತು. ಪರೀಕ್ಷೆಗೆ ಕಾದು ನಿಂತ ಮಾದರಿಗಳ ರಾಶಿಯ ಮುಂದೆ ಕುಳಿತ ಮೇಲಧಿಕಾರಿಗೆ ಬೇಗ ಮುಗಿಸುವ ನೌಕರರು ದೇವರು ಕೊಟ್ಟ ವರದಂತೆ ಕಾಣುತ್ತಾರೆ. ಸೂಕ್ಷ್ಮದರ್ಶಕದ ಮುಂದೆ ಆಕೆ ಕುಳಿತದ್ದನ್ನೇ ನೋಡಿಲ್ಲವೆಂದು ಸಂಶಯಪಟ್ಟ ಸಹೋದ್ಯೋಗಿಗಳ ಮಾತು ಮೇಲೆ ಹೋಗಿ ಅಲ್ಲಿಯೇ ತಣ್ಣಗಾಯಿತು. ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಇದೆ ಎಂದು ಆಕೆ ಹೇಳಿಕೊಂಡದ್ದೂ ಸುಳ್ಳೇ ಆಗಿತ್ತು. 2011ರ ಜೂನಿನಲ್ಲಿ ಉಗ್ರಾಣದಿಂದ 90 ಮಾದರಿಗಳನ್ನು ದಾಖಲೆಪುಸ್ತಕಕ್ಕೆ ಸಹಿ ಹಾಕದೆ ತೆಗೆದುಕೊಂಡದ್ದು ಬಯಲಾದಾಗ ಮಾತ್ರ ಸುರುಳಿ ಬಿಚ್ಚಿಕೊಳ್ಳತೊಡಗಿತು. 2012ರ ಆಗಸ್ಟಿನಲ್ಲಿ ಪ್ರಯೋಗಾಲಯವನ್ನೇ ಮುಚ್ಚಿದರು, ಮುಂದಿನ ತಿಂಗಳು ಆಕೆಯ ಬಂಧನವಾಯಿತು, 2013ರ ನವೆಂಬರಿನಲ್ಲಿ 27 ಆರೋಪಗಳನ್ನು ಒಪ್ಪಿಕೊಂಡು 3ರಿಂದ 5 ವರ್ಷದ ಶಿಕ್ಷೆ ಪಡೆದರು.

ಅಲ್ಲಿಗೆ ಆಕೆಯ ಪ್ರಕರಣ ಮುಗಿಯಿತು, ಉಳಿದವರದ್ದು ಮುಗಿಯಲಿಲ್ಲ. ಆಕೆಯ ಸಹಿಯಿದ್ದ ವರದಿಗಳ ಮೇಲೆ ಶಿಕ್ಷೆಯಾದವರು ಹತ್ತಾರು ಸಾವಿರ. ಅವರಲ್ಲಿ ಬಹುಪಾಲು ಜನ ವಿಚಾರಣೆಯನ್ನೇ ಎದುರಿಸದೆ, ವರದಿ ಬಂದಿದೆ, ಇನ್ನು ವಾದಿಸಿ ಫಲವಿಲ್ಲ ಎಂಬ ಸಲಹೆಗೆ ಒಪ್ಪಿ ತಪ್ಪೊಪ್ಪಿಕೊಂಡವರು. ಯಾವ ಮಾದರಿ ನಿಜಕ್ಕೂ ಕೊಕೇನ್ ಆಗಿತ್ತು, ಯಾವುದು ಅಲ್ಲ ಎಂದು ವರ್ಷಗಳ ನಂತರ ಬೇರ್ಪಡಿಸುವುದು ಸಾಧ್ಯವಿರಲಿಲ್ಲ. ಮಾದರಿಗಳು ನಾಶವಾಗಿದ್ದವು, ಉಳಿದಿದ್ದರೂ ಅವುಗಳಿಗೆ ಬೆರಕೆಯ ಸಂಶಯ ಅಂಟಿಕೊಂಡಿತ್ತು. ಸರ್ಕಾರಿ ವಕೀಲರು ಒಂದೊಂದೇ ಪ್ರಕರಣವಾಗಿ ನೋಡೋಣ ಎನ್ನುತ್ತಾ ಕಾಲ ನೂಕಿದರು. ಕೊನೆಗೆ ರಾಜ್ಯದ ಅತ್ಯುನ್ನತ ನ್ಯಾಯಾಲಯ 2017ರ ಜನವರಿಯಲ್ಲಿ ಬ್ರಿಡ್ಜ್‌ಮನ್ ಪ್ರಕರಣದಲ್ಲಿ ಸರ್ಕಾರಿ ವಕೀಲರಿಗೆ ಗಡುವು ಕೊಟ್ಟು, ಆಕೆಯ ವರದಿಯಿಲ್ಲದೆಯೇ ಮತ್ತೆ ಸಾಬೀತುಮಾಡಬಲ್ಲ ಪ್ರಕರಣಗಳನ್ನು ಹೆಸರಿಸಿ, ಉಳಿದವನ್ನು ಕೈಬಿಡಿ ಎಂದಿತು. ಅದೇ ವರ್ಷದ ಏಪ್ರಿಲಿನಲ್ಲಿ 21,500ಕ್ಕೂ ಹೆಚ್ಚು ಪ್ರಕರಣಗಳು ಒಂದೇ ಆದೇಶದಲ್ಲಿ ರದ್ದಾದವು. ಅವರಲ್ಲಿ ಅನೇಕರು ಆ ವೇಳೆಗೆ ಶಿಕ್ಷೆಯನ್ನು ಪೂರ್ತಿ ಅನುಭವಿಸಿ, ಉದ್ಯೋಗವನ್ನೋ ಮನೆಯನ್ನೋ ಕಳೆದುಕೊಂಡು, ಕೆಲವರು ದೇಶದಿಂದಲೇ ಗಡೀಪಾರಾಗಿದ್ದರು. ನಿಜವಾಗಿಯೂ ದ್ರವ್ಯ ಮಾರಿದವರೂ ಆ ಗುಂಪಿನಲ್ಲಿ ಪಾರಾದರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ನಷ್ಟವನ್ನು ತಂದದ್ದು ತೀರ್ಪಲ್ಲ, ಆ ವರದಿಗಳು.

ಇದೇ ರಾಜ್ಯದ ಆಮ್ಹರ್ಸ್ಟ್ ಎಂಬ ಊರಿನ ಪ್ರಯೋಗಾಲಯದಲ್ಲಿ ಸೋನ್ಯಾ ಫರಾಕ್ ಎಂಬ ಇನ್ನೊಬ್ಬ ರಸಾಯನಜ್ಞೆ ವರ್ಷಗಟ್ಟಲೆ ಹೋಲಿಕೆಗಾಗಿ ಇಟ್ಟ ಶುದ್ಧ ದ್ರವ್ಯವನ್ನೂ ಪೊಲೀಸರು ತಂದ ಮಾದರಿಗಳನ್ನೂ ತಾನೇ ಸೇವಿಸುತ್ತಿದ್ದದ್ದು 2013ರ ಜನವರಿಯಲ್ಲಿ ಹೊರಬಿತ್ತು. ಅದಕ್ಕಿಂತ ನನ್ನನ್ನು ಕಾಡುವುದು ಮುಂದೆ ನಡೆದದ್ದು. ಆಕೆಯ ವ್ಯಸನ ಎಷ್ಟು ಹಳೆಯದು ಎಂದು ತೋರಿಸುವ ಕಾಗದಗಳು ಸರ್ಕಾರಿ ವಕೀಲರ ಕೈಯಲ್ಲಿದ್ದವು. ಅವನ್ನು ಆರೋಪಿಗಳ ವಕೀಲರಿಗೆ ಕೊಡದೆ ಮುಚ್ಚಿಟ್ಟರು. 2017ರಲ್ಲಿ ನ್ಯಾಯಾಧೀಶರೊಬ್ಬರು ಇದನ್ನು ನ್ಯಾಯಾಲಯಕ್ಕೆ ಎಸಗಿದ ವಂಚನೆ ಎಂದೇ ಕರೆದರು, ಅಲ್ಲಿಯೂ ಸಾವಿರಾರು ಪ್ರಕರಣಗಳು ಬಿದ್ದುಹೋದವು.

ಮಾದಕ ದ್ರವ್ಯದ ಪ್ರಕರಣಗಳಲ್ಲಿ ಮಾತ್ರ ಹೀಗೆ ಎಂದು ಸಮಾಧಾನಪಡುವಂತಿಲ್ಲ. ಪಶ್ಚಿಮ ವರ್ಜೀನಿಯಾ ರಾಜ್ಯದ ಪೊಲೀಸ್ ಪ್ರಯೋಗಾಲಯದಲ್ಲಿ ರಕ್ತದ ಪರೀಕ್ಷೆ ಮಾಡುತ್ತಿದ್ದ ಫ್ರೆಡ್ ಝೇನ್ ಎಂಬವರು ಮಾಡದ ಪರೀಕ್ಷೆಗಳಿಗೆ ಫಲಿತಾಂಶ ಬರೆದು, ಸಾಕ್ಷಿಪೆಟ್ಟಿಗೆಯಲ್ಲಿ ನಿಂತು ಸಾಧಿಸುತ್ತಿದ್ದರು. ಅವರ ಸಾಕ್ಷ್ಯದಿಂದ 1987ರಲ್ಲಿ ಅತ್ಯಾಚಾರದ ಆರೋಪದ ಮೇಲೆ ಎರಡು ಜೀವಾವಧಿ ಶಿಕ್ಷೆಗೆ ಗುರಿಯಾದ ವ್ಯಕ್ತಿ ಡಿಎನ್‌ಎ ಪರೀಕ್ಷೆಯಿಂದ ನಿರ್ದೋಷಿಯೆಂದು 1992ರಲ್ಲಿ ತಿಳಿಯಿತು. ಮರುವರ್ಷ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಝೇನ್ ಕೊಟ್ಟ ಯಾವ ಸಾಕ್ಷ್ಯವನ್ನೂ ನಂಬಲಾಗದು ಎಂದು ಸಾರಿತು. ಇನ್ನೊಂದು ಬಗೆಯ ದೋಷವೂ ಇದೆ, ಅದರಲ್ಲಿ ವಂಚನೆಯ ಉದ್ದೇಶವೇ ಇರಬೇಕಾಗಿಲ್ಲ. ಸೂಕ್ಷ್ಮದರ್ಶಕದಲ್ಲಿ ಕೂದಲನ್ನು ಹೋಲಿಸಿ ಇದು ಇವನದ್ದೇ ಎಂಬ ಭಾವನೆ ಬರುವಂತೆ ಎಫ್‌ಬಿಐ ತಜ್ಞರು ದಶಕಗಳ ಕಾಲ ಸಾಕ್ಷ್ಯ ನುಡಿದರು; ವಿಜ್ಞಾನ ಅಷ್ಟು ಹೇಳಲಾರದು. 2015ರಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡಂತೆ, ಕೂದಲಿನ ಸಾಕ್ಷ್ಯವನ್ನು ಆರೋಪಿಯ ವಿರುದ್ಧ ಬಳಸಿ ಪರಿಶೀಲನೆಗೊಳಗಾದ 268 ವಿಚಾರಣೆಗಳ ಪೈಕಿ 257ರಲ್ಲಿ ಸಾಕ್ಷ್ಯ ಮಿತಿಮೀರಿತ್ತು. ಮರಣದಂಡನೆಯ 35 ಪ್ರಕರಣಗಳಲ್ಲಿ 33 ಆ ಸಾಲಿನಲ್ಲಿದ್ದವು. ಇಂಗ್ಲೆಂಡಿನಲ್ಲಿ ಸರ್ಕಾರಿ ಪ್ರಯೋಗಾಲಯವನ್ನು 2012ರಲ್ಲಿ ಮುಚ್ಚಿ ಕೆಲಸವನ್ನು ಖಾಸಗಿಯವರಿಗೆ ಒಪ್ಪಿಸಿದ ಮೇಲೆ, ಮ್ಯಾಂಚೆಸ್ಟರಿನ ಪ್ರಯೋಗಾಲಯವೊಂದರಲ್ಲಿ ಗುಣಮಟ್ಟದ ಅಂಕಿಅಂಶಗಳನ್ನೇ ತಿದ್ದಿದ ಸಂಗತಿ 2017ರಲ್ಲಿ ಬಯಲಾಗಿ ಹತ್ತು ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ಮತ್ತೆ ನೋಡಬೇಕಾಯಿತು.

ಈ ಕಥೆಗಳನ್ನು ಕೇಳಿ, ಅಮೆರಿಕದಲ್ಲಿ ಪ್ರಯೋಗಾಲಯಗಳು ಕೆಟ್ಟಿವೆ, ನಮ್ಮಲ್ಲಿ ಇಂಥದ್ದು ಕೇಳಿಬಂದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅಲ್ಲಿ ತಪ್ಪು ಕಂಡುಬಂದದ್ದು ಹುಡುಕಿದ್ದರಿಂದ. ಒಂದು ಮೇಜಿನಲ್ಲಿ ಮೋಸ ಕಂಡ ಕೂಡಲೇ ಆ ಮೇಜಿನಿಂದ ಹೊರಟ ಎಲ್ಲ ವರದಿಗಳ ಪಟ್ಟಿ ಮಾಡಬೇಕೆಂಬ ಒತ್ತಡ ಅಲ್ಲಿ ಹುಟ್ಟಿತು. ನಮ್ಮ ತೀರ್ಪುಗಳಲ್ಲಿ ಆಗುವುದೇ ಬೇರೆ: ಎದುರಿಗಿರುವ ಆರೋಪಿ ಬಿಡುಗಡೆಯಾಗುತ್ತಾನೆ, ಕಡತ ಮುಚ್ಚುತ್ತದೆ.

ಕೆಲವನ್ನು ನೋಡೋಣ. 2008ರ ನೋಯ್ಡಾದ ಆರುಷಿ–ಹೇಮರಾಜ್ ಕೊಲೆ ಪ್ರಕರಣದಲ್ಲಿ ಹೈದರಾಬಾದಿನ ಡಿಎನ್‌ಎ ಕೇಂದ್ರದ ವರದಿ, ಆರುಷಿಯ ತಂದೆಯಾದ ದಂತವೈದ್ಯರ ಸಹಾಯಕನೊಬ್ಬನ ಕೋಣೆಯಿಂದ ತಂದ ದಿಂಬಿನ ಚೀಲದ ಮೇಲೆ ಹೇಮರಾಜನ ರಕ್ತವಿದೆ ಎಂಬ ಅರ್ಥ ಕೊಡುತ್ತಿತ್ತು. ಅದು ನಿಜವಾಗಿದ್ದರೆ ತನಿಖೆಯ ದಿಕ್ಕೇ ಬದಲಾಗಬೇಕಿತ್ತು. 2011ರಲ್ಲಿ ಪ್ರಯೋಗಾಲಯ, ಅದು ಎರಡು ವಸ್ತುಗಳ ವಿವರ ಅದಲುಬದಲಾದ ಟೈಪಿಂಗ್ ತಪ್ಪು ಎಂದು ತಿಳಿಸಿತು. ಆರುಷಿಯ ಹೆತ್ತವರಿಗೆ ಜೀವಾವಧಿ ಶಿಕ್ಷೆಯಾಗಿ, 2017ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ದೇಶವೇ ಕಣ್ಣಿಟ್ಟಿದ್ದ ಪ್ರಕರಣದಲ್ಲಿ ಹೀಗಾದರೆ, ಯಾರೂ ನೋಡದ ಪ್ರಕರಣಗಳ ವಿವರಗಳನ್ನು ಯಾರು ತಾಳೆ ನೋಡುತ್ತಾರೆ? ದೆಹಲಿಯ ಛಾವ್ಲಾದ 2012ರ ಅತ್ಯಾಚಾರ–ಕೊಲೆ ಪ್ರಕರಣದಲ್ಲಿ ಮೂವರಿಗೆ ಮರಣದಂಡನೆಯಾಗಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡುವಾಗ, ಮಾದರಿಗಳು ಹತ್ತು ದಿನಕ್ಕೂ ಹೆಚ್ಚು ಕಾಲ ವಶಪಡಿಸಿಕೊಂಡ ವಸ್ತುಗಳನ್ನಿಡುವ ಠಾಣೆಯ ಮಾಲ್ಖಾನೆಯಲ್ಲೇ ಇದ್ದುದನ್ನೂ, ಡಿಎನ್‌ಎ ವರದಿಯ ತಳಹದಿ ಏನು, ವಿಧಾನವನ್ನು ಸರಿಯಾಗಿ ಅನುಸರಿಸಿದ್ದಾರೆಯೇ ಎಂದು ಕೆಳಗಿನ ಎರಡೂ ನ್ಯಾಯಾಲಯಗಳು ಪರಿಶೀಲಿಸದೇ ಹೋದುದನ್ನೂ ಎತ್ತಿಹೇಳಿತು. ತಮಿಳುನಾಡಿನ ತೇನಿ ಜಿಲ್ಲೆಯ ಸುರುಳಿ ಜಲಪಾತದ ಬಳಿ 2011ರಲ್ಲಿ ನಡೆದ ಜೋಡಿ ಕೊಲೆಯ ಪ್ರಕರಣದಲ್ಲಿಯೂ ಮರಣದಂಡನೆ ರದ್ದಾದದ್ದು 2025ರ ಜುಲೈಯಲ್ಲಿ. ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿದೆ: ಡಿಎನ್‌ಎ ಮಾದರಿ ಸಂಗ್ರಹಿಸಿದ 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ವಿಚಾರಣಾ ನ್ಯಾಯಾಲಯದ ಅನುಮತಿಯಿಲ್ಲದೆ ಪೊಟ್ಟಣ ತೆರೆಯಬಾರದು, ಸಂಗ್ರಹದಿಂದ ಅಂತಿಮ ತೀರ್ಪಿನವರೆಗೆ ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ರಿಜಿಸ್ಟರ್ ಇರಬೇಕು, ಅದು ನ್ಯಾಯಾಲಯದ ದಾಖಲೆಯ ಭಾಗವಾಗಬೇಕು. ಕಾಸರಗೋಡಿನಿಂದ ತಿರುವನಂತಪುರಕ್ಕೆ ಮಾದರಿ ಹೋಗಬೇಕಾದಾಗ ರಾಜ್ಯದ ಈ ತುದಿಯಿಂದ ಆ ತುದಿಯವರೆಗಿನ ಪ್ರಯಾಣ ಆ 48 ಗಂಟೆಯಲ್ಲಿ ಎಷ್ಟನ್ನು ತಿನ್ನುತ್ತದೆ ಎಂದು ರೈಲು ಹತ್ತಿದ ನಿಮಗೆ ಹೇಳಬೇಕಾಗಿಲ್ಲ.

ಪ್ರಯೋಗಾಲಯದ ಹೊರಗೆ ನಡೆಯುವ ಕೈಚಳಕಕ್ಕೆ ಕೇರಳದಲ್ಲೇ ಎಲ್ಲರಿಗೂ ಗೊತ್ತಿರುವ ಉದಾಹರಣೆಯಿದೆ. 1990ರಲ್ಲಿ ತಿರುವನಂತಪುರ ವಿಮಾನ ನಿಲ್ದಾಣದಲ್ಲಿ ಆಸ್ಟ್ರೇಲಿಯಾದ ಪ್ರಜೆಯೊಬ್ಬ ಒಳಉಡುಪಿನಲ್ಲಿ ಚರಸ್ ಅಡಗಿಸಿ ಸಿಕ್ಕಿಬಿದ್ದ. ಸೆಷನ್ಸ್ ನ್ಯಾಯಾಲಯ 10 ವರ್ಷ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಆ ಒಳಉಡುಪು ಅವನ ಅಳತೆಗೆ ಹೊಂದುವುದೇ ಇಲ್ಲ ಎಂದು ಕಂಡು ಹೈಕೋರ್ಟ್ ಬಿಡುಗಡೆ ಮಾಡಿತು. ನ್ಯಾಯಾಲಯದ ವಶದಲ್ಲಿದ್ದ ಆ ವಸ್ತುವನ್ನು, ನಾವು ಇಲ್ಲಿ ತೊಂಡಿ ಎಂದು ಕರೆಯುವ ಆ ಮುದ್ದೆಮಾಲನ್ನು, ಹೊರಗೆ ಒಯ್ದು ಚಿಕ್ಕದಾಗಿಸಿ ಮರಳಿಸಿದ್ದರು ಎಂಬ ಆರೋಪ ಮುಂದೆ ಸಚಿವರಾದ ವಕೀಲರೊಬ್ಬರ ಮತ್ತು ಗುಮಾಸ್ತರೊಬ್ಬರ ಮೇಲೆ ಬಂತು. ಆ ಪ್ರಕರಣದ ವಿಚಾರಣೆ ಮುಂದುವರಿಯಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ನವೆಂಬರಿನಲ್ಲಿ, ಅಂದರೆ ವಸ್ತು ಸಿಕ್ಕಿ ಮೂವತ್ತನಾಲ್ಕು ವರ್ಷಗಳ ಮೇಲೆ.

ಇದಕ್ಕೆ ಎದುರಾಗಿ ಒಂದು ಒಳ್ಳೆಯ ಸಂಪ್ರದಾಯವನ್ನೂ ಕೇರಳ ಹೈಕೋರ್ಟ್ ಬೆಳೆಸಿದೆ ಎಂದು ಹೇಳಲೇಬೇಕು. ಗಡಿಯಾಚೆಯಿಂದ ಬರುವ ಕರ್ನಾಟಕದ ಮದ್ಯದ ಪೊಟ್ಟಣಗಳಿಂದಾಗಿ ಅಬಕಾರಿ ಪ್ರಕರಣಗಳು ನಮ್ಮ ಜಿಲ್ಲೆಗೆ ಹೊಸತಲ್ಲ. ಇಂಥ ಪ್ರಕರಣಗಳಲ್ಲಿ ಹೈಕೋರ್ಟ್ ಮತ್ತೆ ಮತ್ತೆ ಕೇಳಿರುವ ಪ್ರಶ್ನೆ ಸರಳವಾದದ್ದು: ಸ್ಥಳದಲ್ಲಿ ತೆಗೆದ ಮಾದರಿಯೇ ರಾಸಾಯನಿಕ ಪರೀಕ್ಷಕರ ಕೈಸೇರಿತು ಎಂಬುದಕ್ಕೆ ಆಧಾರವೇನು? ಮಹಜರಿನಲ್ಲಿ ಯಾವ ಸೀಲು ಹಾಕಿದರು ಎಂಬ ವಿವರ ಇಲ್ಲದಿದ್ದರೆ, ಪ್ರಯೋಗಾಲಯಕ್ಕೆ ಕಳಿಸುವ ಫಾರ್ವರ್ಡಿಂಗ್ ನೋಟಿನಲ್ಲಿ ಸೀಲಿನ ಅಚ್ಚು ಇಲ್ಲದಿದ್ದರೆ, ಸೀಲು ಸರಿಯಿತ್ತು ಎಂಬ ವರದಿಯ ಸಾಲಿಗೆ ಅರ್ಥವಿಲ್ಲ. ಯಾವುದರೊಂದಿಗೆ ಹೋಲಿಸಿ ಸರಿ ಎಂದರು? ತಾಂತ್ರಿಕ ಕಾರಣಕ್ಕೆ ಬಿಟ್ಟರು ಎಂದು ಪತ್ರಿಕೆಗಳು ಇಂಥ ತೀರ್ಪುಗಳನ್ನು ವರದಿ ಮಾಡುವುದು ನನಗೆ ಸರಿಕಾಣುವುದಿಲ್ಲ. ಅಪರಾಧಕ್ಕೂ ಆರೋಪಿಗೂ ಇರುವ ಕೊಂಡಿಯೇ ಆ ಸೀಲು. ನಮ್ಮ ಕಡೆ ಇನ್ನೊಂದು ತೊಡಕಿದೆ. ಮಹಜರು ಮಲಯಾಳದಲ್ಲಿರುತ್ತದೆ, ಸಾಕ್ಷಿಗೆ ನಿಂತ ಕನ್ನಡಿಗನೋ ತುಳುವನೋ ಅದನ್ನು ಓದಿಸಿ ಕೇಳದೆ ಸಹಿ ಹಾಕಿ ಬರುತ್ತಾನೆ. ಸೀಲು ಹಾಕಿದ್ದನ್ನು ನೋಡಿದೆ ಎಂದು ತಾನು ಬರೆದುಕೊಟ್ಟಿರುವುದು ಅವನಿಗೆ ಗೊತ್ತಾಗುವುದು ಪಾಟೀಸವಾಲಿನಲ್ಲಿ.

ಈಗ ಕಾನೂನಿಗೆ ಬರುತ್ತೇನೆ. ಸರ್ಕಾರಿ ರಾಸಾಯನಿಕ ಪರೀಕ್ಷಕರ ಮತ್ತು ವಿಧಿವಿಜ್ಞಾನ ಪ್ರಯೋಗಾಲಯದ ನಿರ್ದೇಶಕರ ವರದಿಯನ್ನು, ಅದನ್ನು ಬರೆದವರು ಸಾಕ್ಷಿಪೆಟ್ಟಿಗೆಗೆ ಬಾರದೆಯೇ ಸಾಕ್ಷ್ಯವಾಗಿ ಬಳಸಬಹುದು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಮು ಅದನ್ನೇ ಉಳಿಸಿಕೊಂಡಿದೆ. ಬೇಕೆನಿಸಿದರೆ ನ್ಯಾಯಾಲಯ ತಜ್ಞರನ್ನು ಕರೆಸಬಹುದು. ಆದರೆ 330ನೇ ಕಲಮಿಗೆ ಹೊಸದಾಗಿ ಸೇರಿದ ಮಾತು, ವರದಿಯನ್ನು ಯಾರಾದರೂ ಪ್ರಶ್ನಿಸದ ಹೊರತು ತಜ್ಞರನ್ನು ಕರೆಸಕೂಡದು ಎನ್ನುತ್ತದೆ, ದಾಖಲೆಗಳ ಬಗ್ಗೆ ಒಪ್ಪಿಗೆಯೋ ತಕರಾರೋ ತಿಳಿಸಲು 30 ದಿನದ ಮಿತಿಯನ್ನೂ ಹಾಕುತ್ತದೆ. ಅಮೆರಿಕದಲ್ಲಿ ನಡೆದದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. 2009ರ ಮೆಲೆಂಡೆಜ್–ಡಯಾಜ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಪರೀಕ್ಷೆ ಮಾಡಿದವರನ್ನು ಎದುರುನಿಂತು ಪ್ರಶ್ನಿಸುವ ಹಕ್ಕು ಆರೋಪಿಗಿದೆ, ಬರೀ ಪ್ರಮಾಣಪತ್ರ ಸಾಲದು ಎಂದಿತು. ಆ ಪ್ರಕರಣ ಹೋದದ್ದೂ ಮ್ಯಾಸಚೂಸೆಟ್ಸಿನಿಂದಲೇ. ತೀರ್ಪಿನ ನಂತರ ರಸಾಯನಜ್ಞರು ನ್ಯಾಯಾಲಯಕ್ಕೆ ಅಲೆಯಬೇಕಾಗಿ ಪ್ರಯೋಗಾಲಯದ ಕೆಲಸ ಕುಂಠಿತವಾಯಿತು. ಡೂಖನ್ ಅವರ ಲೆಕ್ಕ ಮಾತ್ರ ಹಾಗೆ ಇಳಿಯಲಿಲ್ಲ. ಆ ವ್ಯತ್ಯಾಸವೊಂದೇ ಸಾಕಿತ್ತು, ನೋಡುವವರು ಇದ್ದಿದ್ದರೆ.

ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಎಂದು ಹೊಸ ಸಂಹಿತೆಯ 176ನೇ ಕಲಮು ಹೇಳುತ್ತದೆ, ರಾಜ್ಯಗಳಿಗೆ ಇದಕ್ಕೆ ಐದು ವರ್ಷದ ಅವಕಾಶವೂ ಇದೆ. ಉದ್ದೇಶ ಒಳ್ಳೆಯದು. ಆದರೆ ಮಾದರಿಗಳು ಹೆಚ್ಚುತ್ತಾ ಮೇಜುಗಳು ಅಷ್ಟೇ ಉಳಿದರೆ, ಬೇಗ ಮುಗಿಸುವವರಿಗೆ ಮೆಚ್ಚುಗೆ ಸಿಗುವ ವಾತಾವರಣ ಇಲ್ಲಿಯೂ ಹುಟ್ಟುತ್ತದೆ. ಅದರ ಮೇಲೆ ನಮ್ಮ ದೇಶದ ಹೆಚ್ಚಿನ ಪ್ರಯೋಗಾಲಯಗಳು ಇರುವುದು ಪೊಲೀಸ್ ಅಥವಾ ಗೃಹ ಇಲಾಖೆಯ ಅಡಿಯಲ್ಲಿ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2009ರ ವರದಿ ಪ್ರಯೋಗಾಲಯಗಳನ್ನು ಪೊಲೀಸರಿಂದ ಬೇರ್ಪಡಿಸಬೇಕೆಂದು ಸ್ಪಷ್ಟವಾಗಿ ಹೇಳಿತ್ತು. ತಪ್ಪು ಶಿಕ್ಷೆಗಳನ್ನು ಮತ್ತೆ ತೆರೆದು ನೋಡಲು ಇಂಗ್ಲೆಂಡಿನಲ್ಲಿ 1997ರಿಂದ ಪ್ರತ್ಯೇಕ ಆಯೋಗವೇ ಕೆಲಸ ಮಾಡುತ್ತಿದೆ, ನಮ್ಮಲ್ಲಿ ಅಂಥದ್ದಿಲ್ಲ. ಅನ್ಯಾಯವಾಗಿ ಜೈಲು ಕಂಡವರಿಗೆ ಪರಿಹಾರ ಕೊಡುವ ಕಾಯ್ದೆ ಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತು. ಅದು ವರದಿಯಾಗಿಯೇ ಉಳಿದಿದೆ.

ಸಭೆಯಲ್ಲಿ ಒಬ್ಬರು ಹಿರಿಯರು, ಹಾಗಾದರೆ ನಾವು ಏನು ಮಾಡಬೇಕು ಎಂದು ಕೇಳಿದರು. ವಕೀಲರಿಗೆ ನನ್ನ ಉತ್ತರ, ಹಾಳೆಯನ್ನು ಒಪ್ಪುವ ಮೊದಲು ಅದರ ಹಿಂದಿನ ಕಾಗದಗಳನ್ನು ಕೇಳಿ ಎಂಬುದು. ಪರೀಕ್ಷೆ ಮಾಡಿದವರ ಕೈಬರಹದ ಟಿಪ್ಪಣಿ, ಯಂತ್ರದ ಮುದ್ರಿತ ಗೆರೆಚಿತ್ರ, ಯಂತ್ರದಲ್ಲಿ ಹಿಂದಿನ ದ್ರವ್ಯ ಉಳಿದಿಲ್ಲವೆಂದು ತೋರಿಸಲು ಆ ದಿನ ಅದರಲ್ಲಿ ಖಾಲಿ ಮಾದರಿಯನ್ನು ಓಡಿಸಿದ ದಾಖಲೆ, ಮಾದರಿ ಬಂದ ದಿನ ಮತ್ತು ತೆರೆದ ದಿನ, ಬಂದ ತೂಕ ಮತ್ತು ಉಳಿದ ತೂಕ ಅವುಗಳಲ್ಲಿ ಸೇರಿರಬೇಕು. ಮಹಜರಿನ ತೂಕಕ್ಕೂ ಪ್ರಯೋಗಾಲಯದ ತೂಕಕ್ಕೂ ತಾಳೆಯಾಗದಿದ್ದರೆ ಮೊದಲ ಪ್ರಶ್ನೆ ಅಲ್ಲಿಯೇ ಸಿಕ್ಕಿತು.

ವಕೀಲರಲ್ಲದವರಿಗೆ ಹೇಳಬೇಕಾದದ್ದು ಮರುಪರೀಕ್ಷೆಯ ವಿಷಯ. ಬದಿಯಡ್ಕದ ಅಂಗಡಿಯೊಂದರಿಂದ ಆಹಾರ ಸುರಕ್ಷಾ ಅಧಿಕಾರಿ ತೆಂಗಿನೆಣ್ಣೆಯ ಮಾದರಿ ತೆಗೆದರೆ ಅದನ್ನು ನಾಲ್ಕು ಪಾಲು ಮಾಡಬೇಕು. ಅಂಗಡಿಯವನು ಕೇಳಿದರೆ ಒಂದು ಪಾಲು ಬೇರೊಂದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಹೋಗುತ್ತದೆ, ಎರಡೂ ವರದಿಗಳು ಬೇರೆಬೇರೆಯಾದರೆ ಮೂರನೆಯ ಪ್ರಯೋಗಾಲಯ ತೀರ್ಮಾನಿಸುತ್ತದೆ. ಇಪ್ಪತ್ತು ವರ್ಷ ಸೆರೆಯ ಸಾಧ್ಯತೆ ಎದುರಿಸುವ ಮಾದಕ ದ್ರವ್ಯ ಪ್ರಕರಣದ ಆರೋಪಿಗೆ ಅಂಥ ಹಕ್ಕಿಲ್ಲ. ಸುಪ್ರೀಂ ಕೋರ್ಟಿನ 2013ರ ಥಾನಾ ಸಿಂಗ್ ತೀರ್ಪಿನ ಪ್ರಕಾರ ಮರುಪರೀಕ್ಷೆ ತೀರಾ ಅಪರೂಪದ ಸಂದರ್ಭಗಳಿಗೆ ಮಾತ್ರ, ಅದಕ್ಕೂ ವರದಿ ಕೈಸೇರಿದ 15 ದಿನದೊಳಗೆ ಅರ್ಜಿ ಹಾಕಬೇಕು. ಆ ಹದಿನೈದು ದಿನ ಆರೋಪಿ ಸಾಮಾನ್ಯವಾಗಿ ಜೈಲಿನಲ್ಲಿರುತ್ತಾನೆ. ಹಾಗಾಗಿ ವರದಿ ಬಂತೇ ಎಂದು ವಿಚಾರಿಸುತ್ತಿರಬೇಕಾದವರು, ಬಂದ ದಿನವೇ ವಕೀಲರಲ್ಲಿಗೋ, ವಕೀಲರಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ಅದನ್ನು ಒಯ್ಯಬೇಕಾದವರು ಮನೆಯವರು.